ಕೇಳಿಸದ ಡ್ರಮ್

ಎರಡನೇ ಹಂತದ ಬೋಧನಾಭ್ಯಾಸದಲ್ಲಿ ನನಗೆ ಒಂಬತ್ತನೇ ತರಗತಿಯ ‘ಶಬ್ದ’ ಪಾಠ ಬಂದಿತ್ತು. ಹಳೆಯ ಜಾಸ್ ಕೇಳುವುದು ನನ್ನ ಹವ್ಯಾಸ. ಹಾಗಾಗಿ ಪೀಠಿಕೆಗೆ ಶ್ರುತಿಕವೆಯ ಬದಲು ಒಂದು ಧ್ವನಿಮುದ್ರಣವನ್ನೇ ಆರಿಸಿಕೊಂಡೆ. 1923ರ ಏಪ್ರಿಲ್‌ನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್ಮಂಡ್‌ನಲ್ಲಿ, ಜೆನೆಟ್ ಕಂಪನಿಗಾಗಿ ಕಿಂಗ್ ಆಲಿವರ್ ಅವರ ಬ್ಯಾಂಡ್ ನುಡಿಸಿದ್ದು ಅದು. ನನ್ನ ಬಳಿ ಇದ್ದದ್ದು ಹಳೆಯ ತಟ್ಟೆಯಿಂದ ಮತ್ತೆ ಹೊರತಂದ ಪ್ರತಿ.

ಆಗ ಧ್ವನಿಮುದ್ರಣಕ್ಕೆ ಮೈಕ್ ಬಳಸುತ್ತಿರಲಿಲ್ಲ. ವಾದಕರು ದೊಡ್ಡ ಕಹಳೆಯೊಂದರ ಎದುರು ನಿಂತು ನುಡಿಸಬೇಕು. ಆ ಕಂಪನಕ್ಕೆ ತೆಳುಪೊರೆ ನಡುಗಿ, ಸೂಜಿ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯುತ್ತಿತ್ತು. ಇದನ್ನು ವಿವರಿಸುವಾಗ ಒಬ್ಬಳು ಕೇಳಿದಳು: “ಸರ್, ಈ ಬ್ಯಾಂಡಲ್ಲಿ ಡ್ರಮ್ ಇಲ್ವಾ?” “ಇಲ್ಲಮ್ಮ” ಎಂದುಬಿಟ್ಟೆ.

ಸಂಜೆ ಓದಿದಾಗ ತಪ್ಪು ತಿಳಿಯಿತು. ಬೇಬಿ ಡಾಡ್ಸ್ ಎಂಬ ಹೆಸರಾಂತ ಡ್ರಮ್ ವಾದಕ ಅಲ್ಲೇ ಇದ್ದರು. ದೊಡ್ಡ ಡ್ರಮ್‌ನ ಹೊಡೆತಕ್ಕೆ ಸೂಜಿ ಎಗರುತ್ತದೆಂಬ ಭಯದಿಂದ ಅವರು ಮರದ ಬ್ಲಾಕ್ ಬಡಿಯಬೇಕಾಯಿತು. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್ ದನಿ ಜೋರಾಗಿದ್ದರಿಂದ ಅವರನ್ನು ದೂರ ನಿಲ್ಲಿಸಿದ್ದರೆಂದು ಬ್ಯಾಂಡಿನವರೇ ನೆನೆದಿದ್ದಾರೆ.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. ಅದೇ ಹುಡುಗಿ ಬಿಡಲಿಲ್ಲ: “ಈಗ ಕಂಪ್ಯೂಟರಲ್ಲಿ ಆ ಡ್ರಮ್ ತರ್ಬಹುದಾ ಸರ್?” ಒಳ್ಳೆಯ ಪ್ರಶ್ನೆ. ಮರುಬಿಡುಗಡೆ ಮಾಡುವವರು ತಟ್ಟೆಯ ಕರಕರ ಸದ್ದನ್ನು ತಗ್ಗಿಸಬಹುದು. ತಿರುಗುವ ವೇಗ ಹೆಚ್ಚಾದರೆ ಆವೃತ್ತಿಯೂ ಸ್ಥಾಯಿಯೂ ಏರುವುದರಿಂದ, ವೇಗವನ್ನು ಸರಿಪಡಿಸಬಹುದು. ಆದರೆ ಅಂದು ಗೆರೆಯಲ್ಲಿ ಕೊರೆಯದೇ ಹೋದದ್ದನ್ನು ಇಂದು ಹೊರತೆಗೆಯಲಾಗದು.

ಪಾಠ ಮುಗಿದ ಮೇಲೆ ಮಾರ್ಗದರ್ಶಕರು ನನ್ನ ಪಾಠ ಯೋಜನೆಯ ಮೌಲ್ಯಮಾಪನದ ಭಾಗ ತೆರೆದರು. “ಮಕ್ಕಳಿಗೆ ಪಾಠ ಅರ್ಥವಾಗಿದೆ” ಎಂದು ಬರೆದಿದ್ದೆ. “ಯಾವ ಮಕ್ಕಳಿಗೆ?” ಎಂದರು. ಎಣಿಸಿದೆ. ಉತ್ತರಿಸಿದವರು ಆರು ಜನ, ಎಲ್ಲರೂ ಮುಂದಿನ ಎರಡು ಸಾಲಿನವರು. ಉಳಿದ ಮೂವತ್ತಾರು ಮಕ್ಕಳ ಬಗ್ಗೆ ನನ್ನ ಪುಸ್ತಕದಲ್ಲಿ ಒಂದು ಗೆರೆಯೂ ಇರಲಿಲ್ಲ. ನನಗೆ ಕೇಳಿಸಿದ್ದನ್ನೇ ಇಡೀ ತರಗತಿ ಎಂದುಕೊಂಡಿದ್ದೆ.

ಮುಂದಿನ ಪಾಠ ‘ಪ್ರತಿಧ್ವನಿ’. ಮೊದಲ ಪ್ರಶ್ನೆಯನ್ನು ಕೊನೆಯ ಸಾಲಿನ ಪಕ್ಕದಲ್ಲೇ ನಿಂತು ಕೇಳಿದೆ. ಬಹಳ ಹೊತ್ತು ಮೌನ. ಕಾದೆ. ಒಬ್ಬ ಹುಡುಗ ಮೆಲ್ಲಗೆ ಉತ್ತರಿಸಿದ. ಉತ್ತರ ತಪ್ಪಾಗಿತ್ತು. ಅದನ್ನೂ ಅವನ ಹೆಸರಿನೊಂದಿಗೆ ಬರೆದುಕೊಂಡೆ. ನಾಳಿನ ಪಾಠ ಅಲ್ಲಿಂದಲೇ ಶುರು.