ತಲೆ ಕಡಿದ ಕತ್ತಿಯೇ ಅದು?



ಹರಿಹರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ತಲೆಮಾರುಗಳಿಂದ ಬಂದ ಒಂದು ನೇರ ಅಲಗಿನ ಕತ್ತಿಯಿದೆ. ಆಯುಧಪೂಜೆಯ ದಿನ ಮಾತ್ರ ಅದು ಅಟ್ಟದಿಂದ ಇಳಿಯುತ್ತದೆ. ಹಳೆಯ ಸಾಮಾನು ಕೊಳ್ಳುವವನೊಬ್ಬ ಅದರ ಮೊಂಡು ತುದಿಯನ್ನು ನೋಡಿ, ಇದು ಜರ್ಮನಿಯಲ್ಲಿ ಅಪರಾಧಿಗಳ ತಲೆ ಕಡಿಯುತ್ತಿದ್ದ ಕತ್ತಿ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂದು ಹೇಳಿಹೋದನಂತೆ. ಮಗನಿಗೆ ಆಸೆ ಹುಟ್ಟಿತು, ಎಂಬತ್ತು ದಾಟಿದ ತಾಯಿಗೆ ಭಯ ಹುಟ್ಟಿತು. “ತಲೆ ಕಡಿದ ಕಬ್ಬಿಣ ಮನೆಯಾಗ ಇರಬಾರ್ದು ಮೇಷ್ಟ್ರೇ, ಹೊಳಿಗೆ ಹಾಕಿಸಿಬಿಡ್ತೀನಿ” ಎಂದು ಆಕೆ ಪಟ್ಟು ಹಿಡಿದರು. ತುಂಗಭದ್ರೆಯೂ ದೂರವಿರಲಿಲ್ಲ. ಒಂದು ವಾರದ ಗಡುವು ಪಡೆದು ದಾವಣಗೆರೆಗೆ ಮರಳಿ ಪುಸ್ತಕಗಳನ್ನು ತೆರೆದೆ.

ವಧೆಯ ಕತ್ತಿಯನ್ನು ಜರ್ಮನ್ನರು ರಿಖ್ಟ್‌ಶ್ವೆರ್ಟ್ ಎನ್ನುತ್ತಾರೆ. ಕಳ್ಳನಿಗೆ ನೇಣು, ಕತ್ತಿಯ ಸಾವು ಅದಕ್ಕಿಂತ ಮಾನದ್ದು ಎಂಬುದು ಅಲ್ಲಿನ ಭಾವನೆಯಾಗಿತ್ತು. ಅಪರಾಧಿಯನ್ನು ಮಂಡಿಯೂರಿಸಿ ಅಥವಾ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈಗಳಿಂದ ಹಿಡಿದು ಅಡ್ಡಲಾಗಿ ಬೀಸುತ್ತಿದ್ದರು. ತಿವಿಯುವ ಪ್ರಸಂಗವೇ ಇಲ್ಲದ್ದರಿಂದ ಮೊನೆ ಬೇಕಿರಲಿಲ್ಲ. ಅಲಗು ಅಗಲ, ಎರಡೂ ಬದಿ ಹರಿತ. ಅದರ ಮಧ್ಯೆ ಕೊರೆದ ತೋಡು ಚಿಕ್ಕದು, ತುದಿಗೆ ಬಹಳ ಮೊದಲೇ ಮುಗಿಯುತ್ತದೆ. ಅನೇಕ ಕತ್ತಿಗಳ ಮೇಲೆ ನೇಣುಗಂಬ, ಚಕ್ರಗಳ ಚಿತ್ರವಿರುತ್ತದೆ.

ನ್ಯೂರೆಂಬರ್ಗ್ ನಗರದಲ್ಲಿ 1578ರಿಂದ 1617ರ ವರೆಗೆ ಈ ಕೆಲಸ ಮಾಡಿದ ಫ್ರಾಂಟ್ಸ್ ಶ್ಮಿಟ್ ಎಂಬವನು ತಾನು ಕೊಂದವರ ವಿವರವನ್ನು ದಿನಚರಿಯಾಗಿ ಬರೆದಿಟ್ಟಿದ್ದಾನೆ. ಸಂಬಳ ಕೊಟ್ಟು ಕೊಲ್ಲಿಸುತ್ತಿದ್ದ ನಗರವೇ ಅವನನ್ನು ಮೈಲಿಗೆಯವನೆಂದು ದೂರವಿಟ್ಟಿತ್ತು. ಆ ಕಳಂಕವನ್ನು ತೊಡೆಯಬೇಕೆಂದು ಅವನು ಚಕ್ರವರ್ತಿಗೆ ಅರ್ಜಿ ಬರೆದು 1624ರಲ್ಲಿ ಗೆದ್ದ. ದೂರವಿಡುವ ವಿದ್ಯೆ ನಮ್ಮ ದೇಶದ್ದು ಮಾತ್ರವೆಂದು ತಿಳಿದವರು ಇದನ್ನು ಗಮನಿಸಬೇಕು.

ಮರುವಾರ ಟೇಪು, ಭೂತಗನ್ನಡಿ ಹಿಡಿದು ಹರಿಹರಕ್ಕೆ ಹೋದೆ. ಕತ್ತಿಯ ಅಗಲ ಒಂದೂವರೆ ಅಂಗುಲವಷ್ಟೇ. ಅದರ ತೋಡು ತುದಿಯವರೆಗೂ ಓಡಿ, ಅಲ್ಲಿ ಥಟ್ಟನೆ ನಿಂತಿತ್ತು. ಅಂದರೆ ಎಂದೋ ಮೊನೆ ಮುರಿದಿದೆ. ಯಾರೋ ಅರದಿಂದ ಉಜ್ಜಿ ದುಂಡಗೆ ಮಾಡಿದ್ದಾರೆ. ಹಿಡಿಯಂತೂ ಅಪ್ಪಟ ನಮ್ಮ ದೇಶದ್ದು: ಒಂದೇ ಕೈ ಹಿಡಿಯುವಷ್ಟು ಉದ್ದ, ಬೆರಳುಗಳಿಗೆ ಕಾಪು, ಹಿಂದಕ್ಕೆ ಚಾಚಿದ ಮೊಳೆ. ಇಂತಹ ಕತ್ತಿಗೆ ‘ಫಿರಂಗಿ’ ಎಂದು ಹೆಸರು. ಕನ್ನಡಿಗರಾದ ನಮಗೆ ಫಿರಂಗಿಯೆಂದರೆ ತೋಪು. ಮರಾಠರಿಗೆ ಅದು ಕತ್ತಿಯೂ ಹೌದು. ಪಶ್ಚಿಮ ಕರಾವಳಿಯ ಬಂದರುಗಳಿಗೆ ಯುರೋಪಿನ ಅಲಗುಗಳು ಬರುತ್ತಿದ್ದವು. ನಮ್ಮವರು ಅವಕ್ಕೆ ತಮ್ಮ ಹಿಡಿ ಕೂರಿಸುತ್ತಿದ್ದರು. ಹೈದರಾಲಿಯು ದಾವಣಗೆರೆಯನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟಿದ್ದ ಸೀಮೆಯಲ್ಲಿ ಫಿರಂಗಿ ದೊರೆತರೆ ಆಶ್ಚರ್ಯವೇನು?

ಅಲಗಿನ ಬುಡದಲ್ಲಿ ಹಲ್ಲುಗಳಿರುವ ಎರಡು ಅರ್ಧಚಂದ್ರಗಳ ಗುರುತಿತ್ತು. ಅದು ಇಟಲಿಯ ಜಿನೋವಾದ್ದೆಂದು ಪ್ರಸಿದ್ಧ. ಆದರೆ ಜರ್ಮನಿಯವರೂ ಅದನ್ನು ಒತ್ತಿದರು, ನಮ್ಮ ಕಮ್ಮಾರರೂ ಒತ್ತಿದರು. ಆದ್ದರಿಂದ ಗುರುತೊಂದನ್ನೇ ನಂಬಿ ಹುಟ್ಟೂರು ಹೇಳುವಂತಿಲ್ಲ.

“ಅಮ್ಮಾ, ಇದು ದಂಡಿನ ಕತ್ತಿ. ಕೈಕಟ್ಟಿ ಕೂರಿಸಿದವರ ಮೇಲೆ ಎತ್ತಲು ಮಾಡಿದ್ದಲ್ಲ” ಎಂದೆ.

“ದಂಡಿನಾಗ ಸತ್ತೋರು ಮನುಷ್ಯರಲ್ಲೇನ್ರಿ ಮೇಷ್ಟ್ರೇ?”

ಮೂವತ್ತು ವರ್ಷ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸಿದ ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯೇ ಸ್ವಲ್ಪ ಹೊತ್ತು ಕತ್ತಿ ನೋಡುತ್ತ ಕುಳಿತು, “ಹೋಗ್ಲಿ ಬಿಡ್ರಿ, ಅವರ ಕೈಯಾಗೂ ಒಂದು ಇತ್ತಲ್ಲ” ಎಂದರು. ಕತ್ತಿ ಅಟ್ಟಕ್ಕೆ ಹೋಯಿತು.

ಮಗನಿಗೆ ಮಾತ್ರ ಸಮಾಧಾನವಾಗಲಿಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕತ್ತಿಯೊಂದು ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋದುದನ್ನು ನೆನಪಿಸಿದ. ಅದರ ಅಲಗೂ ಜರ್ಮನ್ ಮಾದರಿಯದೇ ಎಂದು ವರ್ಣಿಸಿದ್ದರು, ನಿಜ. ಆದರೆ ಆ ಬೆಲೆ ಕಬ್ಬಿಣಕ್ಕಲ್ಲ, ಟಿಪ್ಪುವಿನ ಹೆಸರಿಗೆ. ಮೇಲಾಗಿ 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂತಹ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ; ಇಲ್ಲಿ ಅದರ ವ್ಯಾಪಾರ ಮಾಡಲೂ ಪರವಾನಗಿ ಬೇಕು.

ನಿಮ್ಮ ಮನೆಗಳಲ್ಲಿಯೂ ಇಂತಹವು ಇದ್ದರೆ, ಹಬ್ಬದ ನೆಪದಲ್ಲಿ ಉಪ್ಪುಕಾಗದ ಹಾಕಿ ಉಜ್ಜಬೇಡಿ. ತುಕ್ಕಿನೊಡನೆ ಗುರುತೂ ಹೋಗುತ್ತದೆ. ತೆಳುವಾಗಿ ಎಣ್ಣೆ ಸವರಿ, ಬುಡದ ಫೋಟೋ ತೆಗೆದು, ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯದವರಿಗೊಮ್ಮೆ ತೋರಿಸಿ.