ಕೀಲೆಣ್ಣೆ

ನನ್ನ ಬಾಲ್ಯದಲ್ಲಿ ಯರಗೇರಾದ ಎತ್ತಿನ ಬಂಡಿಯು ಎಣ್ಣೆಯಾರಿತೆಂದರೆ ಓಣಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ತಂದೆಯವರು ಕಡಾಣಿಯನ್ನು ಕಿತ್ತು, ಗಾಲಿಯನ್ನು ಸರಿಸಿ, ಅಚ್ಚಿಗೆ ಕೀಲೆಣ್ಣೆಯನ್ನು ಸವರುತ್ತಿದ್ದರು. ಈಗಿನ ಟ್ರ್ಯಾಕ್ಟರ್ ಟ್ರೇಲರಿನ ಬೇರಿಂಗು ಹಾಗೆ ಕೂಗಿ ಕರೆಯುವುದಿಲ್ಲ. ಮುಚ್ಚಳದ ಮರೆಯಲ್ಲಿ ಬಹುಕಾಲ ಮೌನವಾಗಿಯೇ ಸವೆಯುತ್ತದೆ.

ಹೋದ ವರ್ಷ ರಾಯಚೂರಿಗೆ ಹತ್ತಿ ಹೇರಿದ ದಿನ, "ಅಪ್ಪಾ, ಗ್ರೀಸು ಹಚ್ಚಿ ವರ್ಷವಾಯಿತು" ಎಂದ ಮಗನಿಗೆ, "ಸಪ್ಪಳವಿಲ್ಲವಲ್ಲ, ನಡೆ" ಎಂದವನು ನಾನೇ. ನಡುದಾರಿಯಲ್ಲಿ ಗಾಲಿಯು ಹೊಗೆಯಾಡಿತು. ಬಿಚ್ಚಿ ನೋಡಲು ಗ್ರೀಸು ಒಣಗಿ ಕರಕಾಗಿತ್ತು, ಉರುಳೆಗಳು ನೀಲಿಗಟ್ಟಿದ್ದುವು. ತುಸು ಮುಂದೆ ಹೋಗಿದ್ದರೆ ಗಾಲಿಯೇ ಕಳಚುತ್ತಿತ್ತು. ಹತ್ತಿಯ ಮೇಲೆ ಮೊಮ್ಮಗನು ಕುಳಿತಿದ್ದನು.

ಅಭ್ಯಂಗದಿಂದ ದೇಹವು, ಎಣ್ಣೆಯುಂಡ ಅಚ್ಚಿನಂತೆ, ದೃಢವಾಗುವುದೆಂದು ಚರಕಸಂಹಿತೆಯು ಹೇಳುತ್ತದೆ. ಅದನ್ನು ಬಾಯಿಪಾಠ ಮಾಡಿದವನಿಗೆ ಅಚ್ಚೇ ಮರೆತಿತ್ತು! ಈಗ ಪ್ರತಿ ಪಯಣದ ಕೊನೆಗೆ ಗುಂಬಗಳನ್ನು ಮುಟ್ಟಿ ನೋಡುತ್ತೇನೆ. ಒಂದು ಮಿಕ್ಕವುಗಳಿಗಿಂತ ಬಿಸಿಯಾಗಿದ್ದರೆ, ಅದೇ ಅದರ ಮೊರೆ.