ಅಳಿಸಿದ್ದು ಯಾರು?

ಪುಣೆಯ ನಮ್ಮ ಆಫೀಸಿನಲ್ಲಿ ಕ್ಲೌಡ್ ಬಿಲ್ ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಲಾಗ್‌ಗಳಿಗೆ. "ಯಾರೂ ಓದದ ಆಡಿಟ್ ಲಾಗ್‌ಗೆ ಇಷ್ಟು ದುಡ್ಡಾ?" ಅಂತ ಮ್ಯಾನೇಜರ್ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಕ್ಲೌಡ್‌ವಾಚ್‌ಗೆ ಅವಧಿ ಹೇಳದಿದ್ದರೆ ಲಾಗ್ ಎಂದೂ ಅಳಿಯುವುದಿಲ್ಲ, ಬಾಡಿಗೆ ಏರುತ್ತಲೇ ಇರುತ್ತದೆ. ಅದಕ್ಕೇ ನಾನು 90 ದಿನದ ಗಡಿ ಹಾಕಿಟ್ಟಿದ್ದೆ. ಬಂದ್ ಮಾಡಲು ಮಾತ್ರ ಒಪ್ಪಿರಲಿಲ್ಲ.

ಅಮೆಜಾನಿನ ಇಕೆಎಸ್ ಕ್ಲಸ್ಟರಿನಲ್ಲಿ ಕಂಟ್ರೋಲ್ ಪ್ಲೇನ್ ಇರುವ ಯಂತ್ರದೊಳಕ್ಕೆ ನಮಗೆ ಪ್ರವೇಶವಿಲ್ಲ. ಎಪಿಐ, ಆಡಿಟ್, ಅಥೆಂಟಿಕೇಟರ್, ಕಂಟ್ರೋಲರ್ ಮ್ಯಾನೇಜರ್, ಶೆಡ್ಯೂಲರ್ ಎಂಬ 5 ಬಗೆಯ ಲಾಗ್‌ಗಳನ್ನು ನಾವೇ ಆನ್ ಮಾಡಬೇಕು. ಅನಾಹುತವಾದ ಮೇಲೆ ಆನ್ ಮಾಡಿದರೆ ಹಿಂದಿನದು ಸಿಗದು.

ಒಂದು ಶುಕ್ರವಾರ ರಾತ್ರಿ ಇಡೀ ನೇಮ್‌ಸ್ಪೇಸೇ ಮಾಯವಾಯಿತು. ಬೆಳಿಗ್ಗೆ ಎಲ್ಲರ ಬೆರಳೂ ಬೀದರಿನ ಹುಡುಗನ ಕಡೆಗೆ. ಎರಡು ತಿಂಗಳ ಕಾಂಟ್ರ್ಯಾಕ್ಟ್, ರಾತ್ರಿ ಪಾಳಿ, ಇನ್ನೇನು ಬೇಕು? "ನಾ ಮುಟ್ಟಿಲ್ರೀ ಸರ್" ಅಂತ ನನಗೊಬ್ಬನಿಗೇ ಹೇಳಿದ, ಕನ್ನಡದಲ್ಲಿ.

ಕುಬರ್ನೆಟೀಸ್ ಈವೆಂಟ್‌ಗಳು ಸಾಮಾನ್ಯವಾಗಿ ಉಳಿಯುವುದೇ 1 ಗಂಟೆ. ಅಪ್ಲಿಕೇಶನ್ ಲಾಗ್‌ಗಳು ತಾವು ಸತ್ತ ಹೊತ್ತನ್ನು ಹೇಳಿದವು, ಕೊಂದವರನ್ನಲ್ಲ. ಆಡಿಟ್ ಲಾಗಿನಲ್ಲಿ ಹುಡುಕಿದೆ: ವರ್ಬ್ ಡಿಲೀಟ್, ರಿಸೋರ್ಸ್ ನೇಮ್‌ಸ್ಪೇಸಸ್. ಸಿಕ್ಕಿದ್ದು ಒಂದೇ ನಮೂದು. ಯೂಸರ್ ಜಾಗದಲ್ಲಿ ಮನುಷ್ಯನ ಹೆಸರಿರಲಿಲ್ಲ; ಹಳೇ ಟೆಸ್ಟ್ ಕಸ ಗುಡಿಸುವ ಸ್ಕ್ರಿಪ್ಟಿನ ಸರ್ವೀಸ್ ಅಕೌಂಟ್ ಇತ್ತು. ಅದನ್ನು ಬರೆದವರು ಕೆಲಸ ಬಿಟ್ಟು ವರ್ಷವಾಗಿತ್ತು.

ಆ ನಮೂದನ್ನು ಎಲ್ಲರಿಗೂ ಮೇಲ್ ಮಾಡಿದೆ. ಹುಡುಗನ ಹತ್ತಿರ ಹೋಗಿ ಯಾರೂ ಏನೂ ಅನ್ನಲಿಲ್ಲ. ಮಧ್ಯಾಹ್ನ ಅವನೇ ಬಂದು ನನ್ನ ಪಕ್ಕ ಕೂತು, ಹುಡುಕಿದ ಕ್ವೆರಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ.